ಥರ್ಮಲ್ ಕ್ಯಾಮೆರಾದಲ್ಲಿ ಸ್ಟ್ರೆಸ್ ಕಾಣುತ್ತದಾ?

ಪ್ರಶ್ನೆ (ತೀರ್ಥಹಳ್ಳಿ): ಸರ್, ನಮ್ಮದು ಅಡಿಕೆ ಸುಲಿಯುವ ಯಂತ್ರ ಮಾಡುವ ವರ್ಕ್‌ಶಾಪ್. ಪ್ರತಿ ಕೊಯ್ಲಿನಲ್ಲೂ ಮೋಟಾರ್ ಕೂರಿಸುವ ಬ್ರಾಕೆಟ್ ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಗೆಳೆಯರ ಹತ್ತಿರ ಪ್ಯಾನೆಲ್ ಬೋರ್ಡ್ ನೋಡುವ, ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಇದೆ. ಅದರಲ್ಲಿ ಬ್ರಾಕೆಟ್ಟಿನ ಮೇಲ್ಭಾಗ ಕೆಂಪಾಗಿ ಕಾಣಿಸಿತು. ಸ್ಟ್ರೆಸ್, ಅಂದರೆ ಲೋಹದೊಳಗಿನ ಎಳೆತ-ಒತ್ತಡ, ಜಾಸ್ತಿ ಇರುವುದು ಅಲ್ಲೇ ಅಲ್ವಾ? ದಪ್ಪ ಪ್ಲೇಟ್ ಹಾಕಿಬಿಡಲಾ?

ಉತ್ತರ: ಈಗಲೇ ಹಾಕಬೇಡಿ. ಆ ಕೆಂಪು ಮೋಟಾರಿನಿಂದ ಇಳಿದ ಬಿಸಿ, ಸ್ಟ್ರೆಸ್ ಅಲ್ಲ.

ಬಿಸಿ ನೋಡಿ ಸ್ಟ್ರೆಸ್ ಹಿಡಿಯುವ ವಿದ್ಯೆ ಇರುವುದು ನಿಜ. ಉಕ್ಕನ್ನು ಥಟ್ಟನೆ ಎಳೆದರೆ ಒಂಚೂರು ತಣ್ಣಗಾಗುತ್ತದೆ, ಒತ್ತಿದರೆ ಬಿಸಿಯಾಗುತ್ತದೆ. ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ 1850ರ ದಶಕದಲ್ಲೇ ಇದರ ಲೆಕ್ಕ ಬರೆದಿಟ್ಟರು. ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಸರ್ರನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಬಿಟ್ಟರೆ ತಂಪು. ರಬ್ಬರಿನದು ಉಕ್ಕಿಗೆ ಉಲ್ಟಾ, ಆದರೂ ಎಳೆತಕ್ಕೂ ಬಿಸಿಗೂ ಇರುವ ನಂಟು ತುಟಿಗೇ ಗೊತ್ತಾಗುತ್ತದೆ.

ತೊಡಕು ಅಳತೆಯದು. ಸ್ಟ್ರೆಸ್ ಅಳೆಯುವುದು ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ. ಉಕ್ಕಿನಲ್ಲಿ 1 ಮೆಗಾಪ್ಯಾಸ್ಕಲ್‌ಗೆ ಬದಲಾಗುವುದು ಡಿಗ್ರಿಯ ಸಾವಿರದಲ್ಲಿ ಸುಮಾರು ಒಂದು ಪಾಲು. ನಿಮ್ಮ ಬ್ರಾಕೆಟ್ಟಿನಲ್ಲಿ 50 ಮೆಗಾಪ್ಯಾಸ್ಕಲ್ ಏರಿಳಿಯಿತು ಅಂದುಕೊಳ್ಳಿ, 0.05 ಡಿಗ್ರಿ ಅಷ್ಟೇ. ಪ್ಯಾನೆಲ್ ನೋಡುವ ಕ್ಯಾಮೆರಾ ಅಷ್ಟನ್ನು ಹಿಡಿಯಲು ತಿಣುಕುತ್ತದೆ. ಲ್ಯಾಬಿನಲ್ಲಿ ಭಾಗಕ್ಕೆ ಹೊಳೆಯದ ಕಪ್ಪು ಬಣ್ಣ ಬಳಿಯುತ್ತಾರೆ. ಸೆಕೆಂಡಿಗೆ ಹಲವು ಸಲ ಎಳೆದು ಬಿಡುತ್ತಾರೆ. ಸಾವಿರಾರು ಚಿತ್ರಗಳಿಂದ ಆ ತಾಳಕ್ಕೆ ಏರಿಳಿಯುವ ಬಿಸಿಯನ್ನಷ್ಟೇ ಹೆಕ್ಕುತ್ತಾರೆ. ಮೋಟಾರಿನ ಬಿಸಿ ಆ ತಾಳದಲ್ಲಿ ಇರುವುದಿಲ್ಲ, ಹಾಗಾಗಿ ಲೆಕ್ಕದಿಂದ ಬಿದ್ದುಹೋಗುತ್ತದೆ. ನನಗೆ ಈ ವಿಧಾನದಲ್ಲಿ ತುಂಬ ಇಷ್ಟವಾಗುವುದು ಇದೇ.

ಪ್ರಶ್ನೆ: ಭಾರ ಹೇರಿ ಸುಮ್ನೆ ನಿಲ್ಲಿಸಿ ನೋಡಿದರೆ?

ಉತ್ತರ: ಆಗುವುದಿಲ್ಲ. ಬಿಸಿ ಬೇಗ ಹರಡಿ ಎಲ್ಲ ಕಡೆ ಸಮನಾಗಿಬಿಡುತ್ತದೆ.

ನಿಮಗೆ ಡೈ ಪೆನೆಟ್ರಂಟ್, ಅಂದರೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಬಣ್ಣ, ಸಾಕು. ಪೇಂಟ್ ತೆಗೆದು, ಜಿಡ್ಡು ಒರೆಸಿ, ಕೆಂಪು ಡೈ ಹೊಡೆಯಿರಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹಾಕಿ. ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಬಿರುಕಿನ ಮೇಲೇ ವೆಲ್ಡ್ ಹೊಡೆಯಬೇಡಿ. ಬುಡದವರೆಗೆ ಗ್ರೈಂಡ್ ಮಾಡಿ ತೆಗೆದು, ಆಮೇಲೆ ಹೊಡೆಯಿರಿ. ಗೆರೆ ವೆಲ್ಡಿನ ಅಂಚಿನಿಂದಲೇ ಹೊರಟಿದ್ದರೆ ಆ ಅಂಚನ್ನು ನುಣುಪು ಮಾಡಿ, ಚೂಪಾದ ಒಳಮೂಲೆಗಳನ್ನು ದುಂಡಗಾಗಿಸಿ. ಪುಲ್ಲಿ ಓಲಾಡುತ್ತಿದೆಯಾ ಅಂತಲೂ ನೋಡಿ.

ಡೆವಲಪರ್ ಹಾಕಿದ ಮೇಲೆ ಗೆರೆಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.