ಖಾಸಗಿ ಪೈಲಟ್ ತರಬೇತಿ: ಹೊಸ ಸಿಲಬಸ್‌ನಲ್ಲಿ ಏನಿರಬೇಕು? ಬೋಧಕರನ್ನು ಕೇಳಿ

ಎರಡನೇ ಸೋಲೋ: ಮೇಡಂ, ಸಿಲಬಸ್‌ನಲ್ಲಿರೋ ಸ್ಟಾಲ್ (ರೆಕ್ಕೆ ಎತ್ತೋ ಬಲ, ಅಂದರೆ ಲಿಫ್ಟ್, ಕಳ್ಕೊಳ್ಳೋದು) ಪಾಠ ಮುಗಿದಿದೆ. 3,000 ಅಡಿಯಲ್ಲಿ ನೇರ ಹಾರುತ್ತ ಮೂತಿ ಎತ್ತೋದು, ಸ್ಟಾಲ್ ಎಚ್ಚರಿಕೆಯ ಹಾರ್ನ್ ಕೇಳೋದು, ರಿಕವರಿ. ಅದೆಲ್ಲ ಸಲೀಸು. ಆದರೆ ಗೋ-ಅರೌಂಡ್‌ಗೆ (ಇಳಿಯೋದು ಬಿಟ್ಟು ಮತ್ತೆ ಏರೋದಕ್ಕೆ) ಫುಲ್ ಪವರ್ ಕೊಟ್ಟ ಕೂಡಲೇ ಮೂತಿ ತಾನಾಗೇ ಏಳುತ್ತೆ, ಹಾರ್ನ್ ಕೂಗುತ್ತೆ. ಯೋಕ್ (ಮೂತಿ ಏರಿಸಿ ಇಳಿಸೋ ಹಿಡಿ) ಎಳೀತಾನೇ ಇಲ್ಲ. ಯಾಕೆ?

ಬೋಧಕಿ: ಸಿಲಬಸ್ ಬದಲಾಗಬೇಕಾದ ಜಾಗ ಇದೇ. ಉದ್ದ ಬರೀತೀನಿ, ಪೂರ್ತಿ ಓದಿ.

ಫೈನಲ್‌ನಲ್ಲಿ (ರನ್‌ವೇ ಕಡೆಗಿನ ಕೊನೆಯ ನೇರ ಇಳಿತ) ಫುಲ್ ಫ್ಲ್ಯಾಪ್ (ರೆಕ್ಕೆಯ ಹಿಂಬದಿ ಕೆಳಗಿಳಿಯೋ ಹಲಗೆ), ಪವರ್ ಕಡಿಮೆ, ಸುಮಾರು 65 ನಾಟ್. ಕೈಗೆ ಭಾರ ಆಗದಿರಲಿ ಅಂತ ಟ್ರಿಮ್ ಚಕ್ರವನ್ನ ಮೂತಿ ಎತ್ತುವ ಕಡೆ ತಿರುಗಿಸಿರ್ತೀರಿ. ಥ್ರಾಟಲ್ ತಳ್ಳಿದ ಕ್ಷಣ ಪ್ರೊಪೆಲರ್ ಗಾಳಿ ಬಾಲಕ್ಕೆ ಜೋರಾಗಿ ಬಡಿಯುತ್ತೆ. ಅದೇ ಟ್ರಿಮ್ ಈಗ ಮೂತಿಯನ್ನ ಇನ್ನೂ ಬಲವಾಗಿ ಎತ್ತುತ್ತೆ. ಎಳೆಯೋದೇ ಬೇಡ, ತಳ್ಳದೆ ಇದ್ದರೆ ಸಾಕು ಸ್ಟಾಲ್ ಆಗೋಕೆ. ಜೊತೆಗೆ ಮೂತಿ ಎಡಕ್ಕೆ ಹೊರಳುತ್ತೆ. ಬಲಗಾಲಲ್ಲಿ ರಡರ್ (ಬಾಲದ ಚುಕ್ಕಾಣಿ) ಒತ್ತದಿದ್ದರೆ, ಅಡ್ಡ ಜಾರೋದನ್ನ ತೋರಿಸೋ ಉಪಕರಣದ ಚೆಂಡು ಬಲಕ್ಕೆ ಓಡುತ್ತೆ. ಆ ಸ್ಥಿತಿಯಲ್ಲಿ ಸ್ಟಾಲ್ ಆದರೆ ಒಂದು ರೆಕ್ಕೆ ಮೊದಲು ಬೀಳುತ್ತೆ. ಸ್ಪಿನ್ (ಗಿರಗಿರ ಸುತ್ತುತ್ತ ಕೆಳಗೆ ಬೀಳೋದು) ಶುರುವಾಗೋದು ಹಾಗೇ.

ಅಭ್ಯಾಸ ಹೀಗೆ. ಬೋಧಕರ ಜೊತೆ, ನೆಲದಿಂದ 3,000 ಅಡಿ ಮೇಲೆ. ಸುತ್ತ ಬೇರೆ ವಿಮಾನ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಫೈನಲ್‌ನಲ್ಲಿ ಮಾಡೋ ಹಾಗೇ ಟ್ರಿಮ್ ಮಾಡಿ ಇಳೀರಿ. 2,500 ಅಡಿಯನ್ನ ರನ್‌ವೇ ಅಂದ್ಕೊಳ್ಳಿ. ಅಲ್ಲಿ ಥ್ರಾಟಲ್ ಸಮವಾಗಿ ಪೂರ್ತಿ ಮುಂದಕ್ಕೆ, ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟದಿರಲಿ ಅಂತ ಕೊಡೋ ಬಿಸಿ ಗಾಳಿ) ಆಫ್. ಅದೇ ಹೊತ್ತಿಗೆ ಯೋಕ್ ಮುಂದಕ್ಕೆ ಒತ್ತಿ ಮೂತಿಯನ್ನ ದಿಗಂತದ ಹತ್ತಿರ ಹಿಡೀರಿ. ಎರಡು ಬೆರಳಲ್ಲಿ ಹಿಡಿದರೆ ನಿಲ್ಲಲ್ಲ, ಅಂಗೈ ಕೊಟ್ಟು ಒತ್ತಬೇಕು. ಬಲ ರಡರ್. ಆಮೇಲೆ ಫ್ಲ್ಯಾಪ್ ಒಂದು ಹಂತ ಮೇಲಕ್ಕೆ, ಆಮೇಲೇ ಟ್ರಿಮ್. ಮೂರನೇ ಸಲ ಥ್ರಾಟಲ್ ತಳ್ಳೋ ಹೊತ್ತಿಗೇ ಬೋಧಕರು ರೇಡಿಯೋ ಫ್ರೀಕ್ವೆನ್ಸಿ ಬದಲಿಸೋಕೆ ಹೇಳಲಿ. ನಿಜವಾದ ಗೋ-ಅರೌಂಡ್‌ನಲ್ಲಿ ಗಮನ ತಪ್ಪೋದು ಅಲ್ಲೇ.

ಗಾಜಿನ ಕಾಕ್‌ಪಿಟ್: ಸಿಮ್ಯುಲೇಟರ್ ಗಂಟೆ ಎಷ್ಟು ಲೆಕ್ಕಕ್ಕೆ ಬರುತ್ತೆ?

ಬೋಧಕಿ: ಲೈಸೆನ್ಸ್ ಕೊಡೋ ಪ್ರಾಧಿಕಾರದ ನಿಯಮ ನೋಡಿ. ಮೂರನೇ ಸಲ ಹೇಳ್ತಿದ್ದೀನಿ.

ಗಾಜಿನ ಕಾಕ್‌ಪಿಟ್: ಸರಿ. ಪೇಪರ್ ನಕ್ಷೆ, ಇ6ಬಿ (ಹಾರಾಟದ ಲೆಕ್ಕ ಮಾಡೋ ಕೈ ಸಾಧನ) ಮಾತ್ರ ಕಿತ್ತುಹಾಕಿ. ಟ್ಯಾಬ್ಲೆಟ್ ಇರುವಾಗ ಅವಕ್ಕೆ ಹತ್ತು ತರಗತಿ ದಂಡ.

ಟೈಲ್‌ವೀಲ್: ಬಿಸಿಲಲ್ಲಿ ಕಾದ ಟ್ಯಾಬ್ಲೆಟ್ ತಾನೇ ಆಫ್ ಆಗುತ್ತೆ ಸಾರ್. ಆಗ ಏನು ಮಾಡ್ತೀರಿ?

ಗಾಜಿನ ಕಾಕ್‌ಪಿಟ್: ಎರಡನೇದು ಬ್ಯಾಗಲ್ಲಿರುತ್ತೆ.

ಟೈಲ್‌ವೀಲ್: 90 ನಾಟ್‌ನಲ್ಲಿ 12 ನಾಟಿಕಲ್ ಮೈಲಿಗೆ 8 ನಿಮಿಷ ಅಂತ ತಲೆಯಲ್ಲೇ ಹೊಳೆಯದವರಿಗೆ ಎರಡನೇದು ಸುಳ್ಳು ಹೇಳಿದರೂ ಗೊತ್ತಾಗಲ್ಲ. ಇನ್ನೊಂದು, ಸ್ಪಿನ್ ಅಭ್ಯಾಸ ವಾಪಸ್ ತನ್ನಿ. ಅಮೆರಿಕದವರು 1949ರಲ್ಲಿ ತೆಗೆದಿದ್ದೇ ತಪ್ಪು.

ಗಾಜಿನ ಕಾಕ್‌ಪಿಟ್: ಸರ್ಕ್ಯೂಟ್ (ಇಳಿಯೋ ಮುಂಚೆ ರನ್‌ವೇ ಸುತ್ತ ಹಾರೋ ದಾರಿ) ಎತ್ತರದಲ್ಲಿ ಸ್ಪಿನ್ ಆದರೆ ರಿಕವರಿಗೆ ಜಾಗವೇ ಇಲ್ಲ. ಕಲಿತು ಏನು ಪ್ರಯೋಜನ? ಹಳೇದನ್ನೇ ಹಿಡ್ಕೊಂಡು ಕೂತ್ಕೋಬೇಡಿ.

ಟೈಲ್‌ವೀಲ್: ರಡರ್ ಯಾಕಿದೆ ಅಂತ ಗೊತ್ತಿಲ್ಲದವರ ಹತ್ರ ಮಾತು ಬೇಡ.

ಬೋಧಕಿ: ಇಬ್ಬರೂ ನಿಲ್ಲಿಸಿ. ಟ್ಯಾಬ್ಲೆಟ್ ಕಲಿಸಬೇಕು, ಹಾರಾಟದ ಮಧ್ಯೆ ಅದನ್ನ ಆಫ್ ಮಾಡಿಸಲೂಬೇಕು. ಎಫ್‌ಎಎ (ಅಮೆರಿಕದ ವಿಮಾನಯಾನ ಪ್ರಾಧಿಕಾರ) 2016ರಲ್ಲಿ ತಂದ ಎಸಿಎಸ್‌ನಲ್ಲಿ (ಪೈಲಟ್ ಪರೀಕ್ಷೆಯ ಮಾನದಂಡ) ಪ್ರತಿ ಅಭ್ಯಾಸಕ್ಕೂ ಜ್ಞಾನ, ಕೌಶಲದ ಜೊತೆ ಅಪಾಯ ನಿರ್ವಹಣೆಯೂ ಇದೆ. ಬೇಕಿರೋದು ಅದು.

ನೀಲಿಬಾನು: ಇದು ಫಾರ್ವರ್ಡ್ ಬಂತು: "ಟೇಕಾಫ್ ಆದ ಮೇಲೆ ಎಂಜಿನ್ ನಿಂತರೆ 400 ಅಡಿಯಿಂದಲೂ 45 ಡಿಗ್ರಿ ಬ್ಯಾಂಕ್ ಹಾಕಿ (ರೆಕ್ಕೆ ವಾಲಿಸಿ) ರನ್‌ವೇಗೆ ಮರಳಬಹುದು." ಸಿಲಬಸ್‌ಗೆ ಸೇರಿಸಬಹುದಾ?

ಬೋಧಕಿ: ಇದನ್ನ ಇನ್ನೊಬ್ಬರಿಗೆ ಕಳಿಸಬೇಡಿ, ದಯವಿಟ್ಟು. 180 ಡಿಗ್ರಿ ತಿರುಗಿದರೆ ರನ್‌ವೇ ಪಕ್ಕದಲ್ಲಿರ್ತೀರಿ, ರನ್‌ವೇ ಮೇಲಲ್ಲ. ಇನ್ನೂ ತಿರುಗಿ, ಮತ್ತೆ ನೇರ ಮಾಡಬೇಕು. ಎತ್ತರ ಕಾಯ್ದು 45 ಡಿಗ್ರಿ ಬ್ಯಾಂಕ್‌ನಲ್ಲಿ ತಿರುಗಿದರೆ ಸ್ಟಾಲ್ ವೇಗ 19% ಏರುತ್ತೆ, 50 ನಾಟ್ ಇದ್ದದ್ದು 60ರ ಹತ್ತಿರ. ನೆಲ ಹತ್ತಿರ ಬಂತು ಅಂತ ಕೈ ತಾನಾಗೇ ಯೋಕ್ ಎಳೆಯೋದೂ ಆಗಲೇ. 400 ಅಡಿಯಲ್ಲಿ ಮೊದಲು ಮೂತಿ ಕೆಳಗೆ, ಗ್ಲೈಡ್ ವೇಗ ಹಿಡಿದು, ಎದುರಿಗೆ ಸಿಕ್ಕ ಜಾಗದಲ್ಲಿ ಇಳೀರಿ.

ನೀಲಿಬಾನು: ಕಳಿಸಿದವರೂ ಪೈಲಟ್ಟೇ, ಮೇಡಂ.

ಬೋಧಕಿ: ಆದರೇನು? ಲೆಕ್ಕ ಮೇಲಿದೆ.

ಹೊಸಬ: ಎನ್‌ಡಿಬಿ (ದಿಕ್ಕು ಕಂಡುಕೊಳ್ಳೋಕೆ ನೆಲದ ಮೇಲಿರೋ ರೇಡಿಯೋ ಕೇಂದ್ರ) ಪಾಠ ಇರುತ್ತಾ, ತೆಗೀತಾರಾ?

ಗಾಜಿನ ಕಾಕ್‌ಪಿಟ್: ಟೈಲ್‌ವೀಲ್ ಅವರೇ, ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಎರಡನೇ ಸೋಲೋ: ಮೇಡಂ, ಗೋ-ಅರೌಂಡ್‌ನಲ್ಲಿ ಫ್ಲ್ಯಾಪ್ ಒಂದೇ ಸಲ ಪೂರ್ತಿ ತೆಗೆದರೆ ಬೇಗ ಏರಲ್ವಾ?

ಬೋಧಕಿ: ಇಲ್ಲ. ಲಿಫ್ಟ್ ಒಮ್ಮೆಲೇ ಹೋಗಿ ವಿಮಾನ ಕುಸಿಯುತ್ತೆ. ಮೊದಲ ಹಂತ ತಕ್ಷಣ. ಉಳಿದದ್ದು ಆಲ್ಟಿಮೀಟರ್ ಏರೋದು ಕಂಡು, ಕೈಪಿಡಿಯಲ್ಲಿರೋ ವೇಗ ಬಂದ ಮೇಲೆ, ಒಂದೊಂದೇ ಹಂತ.