ಭಾನುವಾರ ಪೂಜೆಗೋ, ಮೈದಾನಕ್ಕೋ? – ಓದುಗರ ಸ್ಪಂದನ

(ತುಮಕೂರಿನ ತಾಯಿಯೊಬ್ಬರ ಪ್ರಶ್ನೆ: ಮಗನಿಗೆ 12 ವರ್ಷ. ಕ್ರಿಕೆಟ್ ಇರುವುದು ಭಾನುವಾರ ಬೆಳಿಗ್ಗೆ, ಚರ್ಚಿನ ಪೂಜೆಯೂ ಅದೇ ಹೊತ್ತಿಗೆ. ಏನು ಮಾಡಲಿ?)

ನೆಟ್ಸ್ (ಬಲೆಯೊಳಗಿನ ಅಭ್ಯಾಸ) ಬೇರೆ, ಮ್ಯಾಚ್ ಬೇರೆ. ನೆಟ್ಸ್‌ನಲ್ಲಿ ಒಬ್ಬ ಹುಡುಗನಿಗೆ ಬ್ಯಾಟಿಂಗ್ ಸಿಗುವುದೇ ಹತ್ತು–ಹದಿನೈದು ನಿಮಿಷ. ‘ಅವನನ್ನು ಮೊದಲು ಪ್ಯಾಡ್ ಕಟ್ಟಿಸಿ, ಏಳೂವರೆಗೆ ಬಿಟ್ಟುಬಿಡಿ ಸಾರ್’ ಎಂದು ನೇರವಾಗಿ ಕೇಳಿ. ಮ್ಯಾಚಿಗೆ ಈ ಉಪಾಯ ನಡೆಯದು. ಏಳು ಗಂಟೆಗೆ ಎಂದರೂ ಟಾಸ್ ಮುಗಿದು ಮೊದಲ ಚೆಂಡು ಬೀಳುವುದು ಏಳೂವರೆಗೆ. 20 ಓವರ್‌ಗಳ ಒಂದು ಇನ್ನಿಂಗ್ಸ್‌ಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಚಿಕ್ಕ ಹುಡುಗರ ವೈಡ್‌ಗಳು ಸೇರಿದರೆ ಇನ್ನೂ ಎಳೆಯುತ್ತದೆ. ಹನ್ನೊಂದರೊಳಗೆ ಮನೆಗೆ ಬರುವ ಆಸೆ ಬೇಡ. ಡ್ರಾ (ಯಾರಿಗೆ ಯಾರ ಜೊತೆ, ಯಾವಾಗ ಮ್ಯಾಚ್ ಎಂಬ ಪಟ್ಟಿ) ಹಾಕುವ ಮೊದಲೇ ಮಧ್ಯಾಹ್ನದ ಮ್ಯಾಚ್ ಕೇಳಿಕೊಳ್ಳಿ. ಡ್ರಾ ಆದಮೇಲೆ ಮೈದಾನ, ಅಂಪೈರ್ ಎಲ್ಲ ಗೊತ್ತಾಗಿರುತ್ತದೆ, ಬದಲಿಸುವುದು ಕಷ್ಟ. ಶನಿವಾರ ರಾತ್ರಿ ‘ನಾಳೆ ಬರಲ್ಲ’ ಎಂದು ಫೋನ್ ಮಾಡುವುದಂತೂ ಖಂಡಿತ ಬೇಡ. ಹತ್ತೇ ಜನ ಆಡಬೇಕಾದಾಗ ಹುಡುಗರ ಸಿಟ್ಟು ನಿಮ್ಮ ಮೇಲಲ್ಲ, ನಿಮ್ಮ ಮಗನ ಮೇಲೆ ಬೀಳುತ್ತದೆ.
– ಕ್ರಿಕೆಟ್ ತರಬೇತುದಾರ, ತುಮಕೂರು

ಶನಿವಾರ ಸಂಜೆಯ ಪೂಜೆ ಅರ್ಧ ಪೂಜೆಯಲ್ಲ ತಾಯಿ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ವಿಧಿಯ ಪ್ರಕಾರ ಹಿಂದಿನ ದಿನದ ಸಂಜೆ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸಿದಂತೆ. ನಿಮ್ಮ ಚರ್ಚಿನಲ್ಲಿ ಇಲ್ಲದಿದ್ದರೆ ಬೇರೆ ಚರ್ಚಿನದೂ ಆಗುತ್ತದೆ. ಆಟದ ನಂತರ ಭಾನುವಾರದ ಪೂಜೆಗೇ ಬರುವುದಾದರೆ ಮಗುವನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಬೇಡಿ. ಉಪವಾಸ ಇರಬೇಕಾದದ್ದು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಮಾತ್ರ, ನೀರಿಗೆ ನಿಷೇಧವಿಲ್ಲ. ಎಂಟಕ್ಕೆ ಎರಡು ಇಡ್ಲಿ ತಿಂದವನು ಒಂಬತ್ತರ ಪೂಜೆಯಲ್ಲಿ ಧಾರಾಳವಾಗಿ ಸ್ವೀಕರಿಸಬಹುದು. ಚೀಲದಲ್ಲಿ ಒಂದು ಟವೆಲ್, ಒಗೆದ ಅಂಗಿ, ಚಪ್ಪಲಿ ಇಟ್ಟಿರಿ; ಬೆವರಿದ ಜೆರ್ಸಿಯಲ್ಲಿ ಬರಲು ಮಕ್ಕಳಿಗೆ ನಾಚಿಕೆ, ಆಮೇಲೆ ಬರುವುದನ್ನೇ ಬಿಡುತ್ತಾರೆ.

ನನ್ನ ಚಿಂತೆ ಪೂಜೆಯದಲ್ಲ, ಧರ್ಮೋಪದೇಶ ತರಗತಿಯದು. ಅದಕ್ಕೆ ಶನಿವಾರದ ಬದಲಿ ಇರುವುದಿಲ್ಲ. ದೃಢೀಕರಣ ಸಂಸ್ಕಾರದ (ದೀಕ್ಷಾಸ್ನಾನದ ವಿಶ್ವಾಸವನ್ನು ಗಟ್ಟಿಗೊಳಿಸುವ ವಿಧಿ) ವರ್ಷವಾದರೆ ಹಾಜರಿ ನೋಡಿಯೇ ನೋಡುತ್ತಾರೆ. ಆಟದ ವೇಳಾಪಟ್ಟಿ ಕೈಗೆ ಬಂದ ದಿನವೇ ಚರ್ಚಿನ ಗುರುಗಳಿಗೆ ತೋರಿಸಿ, ತಪ್ಪುವ ಪಾಠಗಳನ್ನು ಯಾವಾಗ ಮಾಡಿಸಬೇಕೆಂದು ಬರೆದುಕೊಂಡು ಬನ್ನಿ.
– ಧರ್ಮೋಪದೇಶ ಶಿಕ್ಷಕಿ, ಕೋಲಾರ

ಭಾನುವಾರ ಓಡುವುದಿಲ್ಲ ಎಂದಿದ್ದ ಸ್ಕಾಟ್ಲೆಂಡಿನ ಕ್ರೈಸ್ತ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರದ ಹೀಟ್ಸ್‌ನಿಂದಾಗಿ (ಆರಂಭಿಕ ಸುತ್ತು) 100 ಮೀಟರ್ ಓಟ ಬಿಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ಅವರಿಗೆ ವೇಳಾಪಟ್ಟಿ ತಿಂಗಳುಗಳ ಮೊದಲೇ ತಿಳಿದಿತ್ತು. ಆ ಸಮಯದಲ್ಲಿ 400 ಮೀಟರ್‌ಗೆ ಸಿದ್ಧರಾಗಿ 47.6 ಸೆಕೆಂಡಿನಲ್ಲಿ ಗೆದ್ದರು. ನೀವೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಮಗನನ್ನೇ ಕೇಳಿ: ಈಸ್ಟರ್, ಅದರ ಹಿಂದಿನ ಗರಿಗಳ ಭಾನುವಾರ ಬಿಟ್ಟು ಯಾವ ಮ್ಯಾಚುಗಳು ಅವನಿಗೆ ಬೇಕೇಬೇಕು? ಗುರುತು ಅವನ ಕೈಯಲ್ಲೇ ಹಾಕಿಸಿ.
– ಸಂಡೆ ಸ್ಕೂಲ್ ಶಿಕ್ಷಕ, ಚಿಕ್ಕಬಳ್ಳಾಪುರ