3 ಮಿ.ಮೀ. ಸೂಟಿಗೆ ಕೂರಿಸಿದ ಹಾರ್ನೆಸ್, 7 ಮಿ.ಮೀ.ಗೆ ಹೊಂದಿಸುವುದು ಹೇಗೆ?

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ನನ್ನ ಡೈವಿಂಗ್ ಎಲ್ಲ ನೇತ್ರಾಣಿ ಮತ್ತು ಅಂಡಮಾನಿನಲ್ಲೇ. ಹೋದ ವರ್ಷ ಸ್ವಂತಕ್ಕೆ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕೂರುವ ಬೆನ್ನಿನ ತಟ್ಟೆ), ವಿಂಗ್ (ಗಾಳಿ ತುಂಬುವ ಚೀಲ) ಕೊಂಡೆ. ಪ್ಲೇಟನ್ನು ಮೈಗೆ ಕಟ್ಟುವುದು ಒಂದೇ ಉದ್ದ ಪಟ್ಟಿಯ ಹಾರ್ನೆಸ್. ಅದನ್ನು 3 ಮಿ.ಮೀ. ದಪ್ಪದ ವೆಟ್‌ಸೂಟಿಗೆ (ಚಳಿ ತಡೆಯುವ ರಬ್ಬರ್ ಉಡುಪು) ಹೊಂದಿಸಲು ಎರಡು ಭಾನುವಾರ ಹೋಯಿತು. ಈಗ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ. ಮಾಂಟೆರೆಯಲ್ಲಿ ಇಳಿಯಬೇಕೆಂದರೆ 7 ಮಿ.ಮೀ. ಬೇಕೇ ಬೇಕು ಅನ್ನುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಹೋದರೆ ಮತ್ತೆ 3 ಮಿ.ಮೀ. ಪ್ರತಿ ಸಲವೂ ಪಟ್ಟಿ ಪೂರ್ತಿ ಬಿಚ್ಚಿ ಪೋಣಿಸಬೇಕಾ? ಎಷ್ಟು ಸಡಿಲ ಬಿಡಬೇಕು? ಮಾಡಿ ನೋಡಿದವರು ಹೇಳಿ.

ಫ್ರೀಮಾಂಟಿನಿಂದ:

ಮೊದಲು ಒಂದು ಮಾತು. ಮನೆಯಲ್ಲಿ ಟೀ ಶರ್ಟ್ ಮೇಲೆ ಹಾಕಿಕೊಂಡು ಅಳತೆ ನೋಡಬೇಡಿ. ನಾನು ಮಾಡಿದ್ದು ಅದನ್ನೇ.

ನನ್ನ ಮೊದಲ ಮಾಂಟೆರೆ ಡೈವ್ ಸ್ಯಾನ್ ಕಾರ್ಲೋಸ್ ಬೀಚಿನಲ್ಲಿ. ಇಲ್ಲಿಯವರು ಬ್ರೇಕ್‌ವಾಟರ್ ಅನ್ನುತ್ತಾರೆ. ದಡದಿಂದಲೇ ಅಲೆ ದಾಟಿ ಒಳಗೆ ಹೋಗಬೇಕು, ಹಾಗೇ ವಾಪಸ್ ಬರಬೇಕು. ನೀರು 11 ಡಿಗ್ರಿ ಇತ್ತು. ಡೈವ್ ಏನೋ ಚೆನ್ನಾಗೇ ಆಯಿತು. ದಡಕ್ಕೆ ಬಂದು ಹಾರ್ನೆಸ್ ಬಿಚ್ಚಲು ಹೋದರೆ ಎಡಗೈ ಹೊರಗೆ ಬರಲಿಲ್ಲ. ದಪ್ಪ ತೋಳು, ದಪ್ಪ ಗ್ಲೌಸ್, ಮರಗಟ್ಟಿದ ಬೆರಳು, ಬಿಗಿ ಪಟ್ಟಿ. ಕೊನೆಗೆ ಬಡಿ (ಜೊತೆಗೆ ಡೈವ್ ಮಾಡಿದವರು) ಬಂದು ಚಿಕ್ಕ ಮಕ್ಕಳಿಗೆ ಸ್ವೆಟರ್ ಬಿಚ್ಚಿಸುವ ಹಾಗೆ ಕೈ ಎಳೆದು ತೆಗೆದರು. ನಾಯಿ ಅಡ್ಡಾಡಿಸಲು ಬಂದವರೆಲ್ಲ ನಿಂತು ನೋಡುತ್ತಿದ್ದರು. ದಡದಲ್ಲಾದದ್ದಕ್ಕೆ ನಗುವಿನಲ್ಲಿ ಮುಗಿಯಿತು. ಅಲೆಯ ನಡುವೆ ಆಗಿದ್ದರೆ ನಗುವ ವಿಷಯ ಅಲ್ಲ.

ಎಷ್ಟು ಹೆಚ್ಚು ಪಟ್ಟಿ ಬೇಕು ಅನ್ನುವುದಕ್ಕೆ ಹೈಸ್ಕೂಲಿನ ಲೆಕ್ಕವೇ ಸಾಕು. ಸೂಟಿನ ದಪ್ಪ ಎಷ್ಟು ಹೆಚ್ಚಾಯಿತೋ ಅದನ್ನು 6.28ರಿಂದ (ಎರಡು ಪೈ) ಗುಣಿಸಿ. 3ರಿಂದ 7ಕ್ಕೆ ಅಂದರೆ 4 ಮಿ.ಮೀ. ಹೆಚ್ಚು. ಸುತ್ತಳತೆ 25 ಮಿ.ಮೀ. ಬೆಳೆಯುತ್ತದೆ, ಅಂದರೆ ಒಂದು ಇಂಚು. ಮಜಾ ಏನೆಂದರೆ ನೀವು ಸಣಕಲಿರಲಿ, ದಢೂತಿ ಇರಲಿ, ಬೇಕಾಗುವುದು ಅದೇ ಒಂದು ಇಂಚು. ಭುಜದ ಸುತ್ತಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಪಟ್ಟಿ ಸೂಟಿನ ರಬ್ಬರನ್ನು (ನಿಯೋಪ್ರೀನ್) ಅಮುಕುವುದರಿಂದ ನಿಜಕ್ಕೂ ಬೇಕಾಗುವುದು ಇನ್ನೂ ಸ್ವಲ್ಪ ಕಡಿಮೆ. ಆದರೆ ಇಲ್ಲಿ ಬಾಡಿಗೆಗೆ ಕೊಡುವ ಎರಡು ತುಂಡಿನ ಸೂಟ್ ಇದೆಯಲ್ಲ, ಫಾರ್ಮರ್ ಜಾನ್ (ತೋಳಿಲ್ಲದ, ಎದೆಯವರೆಗೆ ಬರುವ ಪ್ಯಾಂಟು) ಮೇಲೆ ಜಾಕೆಟ್, ಅದರಲ್ಲಿ ಹೊಟ್ಟೆ, ಬೆನ್ನಿನ ಮೇಲೆ ಎರಡು ಪದರ. 14 ಮಿ.ಮೀ. ಆಗ ಸೊಂಟಕ್ಕೇ ಸುಮಾರು 7 ಸೆಂ.ಮೀ. ಹೆಚ್ಚು ಬೇಕು. ಬಾಡಿಗೆಗೆ ತರುವ ಮೊದಲು ಯಾವ ಸೂಟು ಅಂತ ಕೇಳಿಕೊಳ್ಳಿ.

ಈಗ ಒಂದೇ ಪಟ್ಟಿಯ ಹಾರ್ನೆಸ್ಸಿನ ತಮಾಷೆ. ಭುಜಕ್ಕೆ ಕೊಟ್ಟದ್ದೆಲ್ಲ ಸೊಂಟದಿಂದಲೇ ಬರಬೇಕು. ಎರಡು ಭುಜಕ್ಕೂ ಒಂದೊಂದು ಇಂಚು, ಸೊಂಟಕ್ಕೆ ಒಂದು. ಬಕಲ್ ದಾಟಿ ಉಳಿದಿರುವ ಬಾಲದಲ್ಲಿ ಮೂರು ಇಂಚು ಕರಗಿ ಹೋಯಿತು. 3 ಮಿ.ಮೀ. ಸೂಟಿನಲ್ಲಿ ನೀಟಾಗಿ ಕಾಣಲಿ ಅಂತ ಬಾಲವನ್ನು ಕತ್ತರಿಸಿ ಬೆಂಕಿಗೆ ಹಿಡಿದು ಅಂಚು ಕರಗಿಸಿದ್ದೀರಾ? ಹಾಗಿದ್ದರೆ ಹೊಸ ವೆಬ್ಬಿಂಗ್ (ಹಾರ್ನೆಸ್ಸಿನ ಪಟ್ಟಿ) ತಗೊಳ್ಳಿ. ಪ್ಲೇಟಿಗಿಂತ ಅದು ಎಷ್ಟೋ ಅಗ್ಗ. ಕತ್ತರಿಸಿಲ್ಲ ಅಂದರೆ ಕತ್ತರಿಸಬೇಡಿ. ಹಾಗಂತ ಬಾಲವನ್ನು ಜೋತಾಡಲೂ ಬಿಡಬೇಡಿ. ಇಲ್ಲಿ ಎಲ್ಲೆಲ್ಲೂ ಕೆಲ್ಪ್ ಅನ್ನುವ ಉದ್ದನೆಯ ಕಡಲಪಾಚಿಯ ಕಾಡು. ನೇತಾಡುವುದನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ. ಬಾಲವನ್ನು ಹಿಂದಕ್ಕೆ ಮಡಚಿ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿ, ನಿಮ್ಮ ಕೈಗೆ ತಕ್ಷಣ ಸಿಗುವ ಹಾಗೆ.

ನಾನು ಈಗ ಮಾಡುವುದು ಇಷ್ಟು. ಭುಜದ ಪಟ್ಟಿಯನ್ನು ದಪ್ಪ ಸೂಟಿಗೆ ಒಮ್ಮೆ ಕೂರಿಸಿದ್ದೇನೆ. ಆಮೇಲೆ ಮುಟ್ಟಿಲ್ಲ. ಊರಿಗೆ ಬಂದಾಗ ಸೊಂಟವನ್ನಷ್ಟೇ ಬಿಗಿ ಮಾಡುತ್ತೇನೆ. ಭುಜ ಒಂದು ಇಂಚು ಸಡಿಲ ಇರುತ್ತದೆ, ಇರಲಿ. ಸಿಲಿಂಡರನ್ನು ಹೊರುವುದು ಭುಜ ಅನ್ನುವುದು ಸ್ಕೂಲ್ ಬ್ಯಾಗಿನಿಂದ ಬಂದ ಅಭ್ಯಾಸ. ದಡದಲ್ಲಿ ನಿಂತಾಗ ಅದು ನಿಜ. ನೀರಿನಲ್ಲಿ ಅಂಗಾತ ಅಲ್ಲ, ಮುಖ ಕೆಳಗೆ ಮಾಡಿ ಮಲಗಿರುತ್ತೇವೆ. ಅಲ್ಲಿ ಪ್ಲೇಟನ್ನು ಬೆನ್ನಿಗೆ ಹಿಡಿದಿಡುವುದು ಸೊಂಟದ ಪಟ್ಟಿ. ಅದು ತಲೆಯ ಕಡೆ ಜಾರದಂತೆ ನೋಡಿಕೊಳ್ಳುವುದು ಕಾಲುಗಳ ನಡುವೆ ಹಾಯುವ ಕ್ರಾಚ್ ಸ್ಟ್ರ್ಯಾಪ್. ನಮ್ಮ ಗುಂಪಿನಲ್ಲಿ ಅದಕ್ಕೆ ಲಂಗೋಟಿ ಅಂತಲೇ ಹೆಸರು.

ಭುಜ ಸರಿ ಇದೆಯಾ ಅಂತ ನೋಡಲು ಸೂಟ್, ಹುಡ್, ಗ್ಲೌಸ್ ಎಲ್ಲ ಹಾಕಿ, ಸಿಲಿಂಡರ್ ಹೊತ್ತು ನಿಲ್ಲಿ. ಎದೆಯ ಮೇಲಿನ ಪಟ್ಟಿಯ ಕೆಳಗೆ ಗ್ಲೌಸಿನ ಅಂಗೈ ಚಪ್ಪಟೆಯಾಗಿ ಜಾರಬೇಕು. ಕೈ ಹಿಂದೆ ಹಾಕಿದರೆ ಪ್ಲೇಟಿನ ಮೇಲಂಚು ಬೆರಳಿಗೆ ಸಿಗಬೇಕು. ಸಿಗಲಿಲ್ಲ ಅಂದ ಕೂಡಲೇ ಪಟ್ಟಿಯನ್ನು ಬೈಯಬೇಡಿ. ಹಾರ್ನೆಸ್ ಬಿಚ್ಚಿ, ಬರೀ ಸೂಟಿನಲ್ಲಿ ಅಷ್ಟು ದೂರ ಕೈ ಹೋಗುತ್ತದಾ ನೋಡಿ. ಎಷ್ಟೋ ಸಲ ಸೂಟಿನ ಭುಜವೇ ಬಿಗಿ ಇರುತ್ತದೆ. ಕೊನೆಗೆ, ಯಾರ ಸಹಾಯವೂ ಇಲ್ಲದೆ ಬಿಚ್ಚಿ ನೋಡಿ. ನನಗೆ ಇದೇ ದೊಡ್ಡ ಪರೀಕ್ಷೆ.

ಸೊಂಟ ಮಾತ್ರ ದಡದಲ್ಲಿ ಸ್ವಲ್ಪ ಜಾಸ್ತಿ ಬಿಗಿ ಅನಿಸಬೇಕು. ನಿಯೋಪ್ರೀನ್ ಒಳಗೆ ಇರುವುದೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಗುಳ್ಳೆ ಕುಗ್ಗಿ ಸೂಟ್ ತೆಳ್ಳಗಾಗುತ್ತದೆ. ಮದುವೆ ಊಟ ಮುಗಿಸಿ ಬೆಲ್ಟ್ ಸಡಿಲ ಮಾಡುತ್ತೇವಲ್ಲ, ಇದು ಅದರ ಉಲ್ಟಾ. ಹೊಟ್ಟೆಯೇ ಸಣ್ಣದಾಗುತ್ತದೆ. 3 ಮಿ.ಮೀ.ಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. 7ರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಪ್ಲೇಟ್ ಪಕ್ಕಕ್ಕೆ ವಾಲುತ್ತದೆ. ತಳ ಮುಟ್ಟಿದ ಮೇಲೆ ಒಮ್ಮೆ ಸೊಂಟ ಎಳೆದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಲಂಗೋಟಿಯನ್ನು ಬಗ್ಗಿ ನಿಂತು ಅಳೆಯಿರಿ. ನೆಟ್ಟಗೆ ನಿಂತು ಬಿಗಿ ಮಾಡಿದರೆ ಈಜುವಾಗ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ದಪ್ಪ ಸೂಟು ಅಂದರೆ ತೂಕವೂ ಹೆಚ್ಚು ಬೇಕು, ಅದು ಬೇರೆಯೇ ಲೆಕ್ಕ. ಒಂದನ್ನು ಮಾತ್ರ ಹೇಳಿಬಿಡುತ್ತೇನೆ. ವೇಟ್ ಬೆಲ್ಟ್ (ಸೀಸದ ತೂಕದ ಬೆಲ್ಟ್) ಹಾಕುವುದಾದರೆ ಅದು ಲಂಗೋಟಿಯ ಒಳಗೆ ಸಿಕ್ಕಿಬೀಳಬಾರದು. ಸಿಕ್ಕಿಬಿದ್ದರೆ, ತುರ್ತಿನಲ್ಲಿ ಬಕಲ್ ಬಿಚ್ಚಿದರೂ ಬೆಲ್ಟ್ ಕೆಳಗೆ ಬೀಳದೆ ಅಲ್ಲೇ ನೇತಾಡುತ್ತದೆ.

ಸಿಡ್ನಿಯಿಂದ:

ಮೇಲಿನವರು ಹೇಳಿದ್ದರಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಭುಜ ಸಡಿಲ ಬಿಟ್ಟರೂ ನಡೆಯುತ್ತದೆ ಅನ್ನುವುದು ಅಗಲ ಭುಜದವರ ಮಾತು. ನಾನು ಐದು ಅಡಿ ಒಂದು ಇಂಚು. ಚಳಿಗಾಲದ 7 ಮಿ.ಮೀ.ಗೆ ಕೂರಿಸಿದ ಪಟ್ಟಿ ಬೇಸಿಗೆಯ ಸೂಟಿನಲ್ಲಿ ಸೀದಾ ತೋಳಿಗೆ ಜಾರುತ್ತಿತ್ತು. ಒಂದು ಡೈವ್ ಪೂರ್ತಿ ಸೆರಗು ಸರಿ ಮಾಡಿಕೊಂಡ ಹಾಗೆ ಪಟ್ಟಿ ಸರಿ ಮಾಡಿಕೊಂಡಿದ್ದೇ ಆಯಿತು. ಎದೆಗೆ ಅಡ್ಡ ಪಟ್ಟಿ ಹಾಕಿ ನೋಡಿದೆ, ಅದು ಇನ್ನೂ ಕಿರಿಕಿರಿ.

ಕೊನೆಗೆ ಎರಡು ಕೆಲಸ ಮಾಡಿದೆ. ಗಿಡ್ಡ ಪ್ಲೇಟ್ ತಗೊಂಡೆ. ಮತ್ತೆ ಪ್ಲೇಟಿನ ಕಿಂಡಿಯಿಂದ ಪಟ್ಟಿ ಹೊರಬರುವ ಜಾಗದಲ್ಲಿ ಬಿಳಿ ದಾರದಿಂದ ಒಂದು ಹೊಲಿಗೆ, ಅಲ್ಲಿಂದ ಇಂಚಿನಾಚೆ ಕೆಂಪು ದಾರದಿಂದ ಇನ್ನೊಂದು. ಬಿಳಿ ಬೇಸಿಗೆಗೆ, ಕೆಂಪು ಚಳಿಗಾಲಕ್ಕೆ. ಮಾರ್ಕರ್ ಪೆನ್ನಿನ ಗುರುತು ಉಪ್ಪುನೀರಿಗೆ ಮಾಸಿ ಹೋಗುತ್ತದೆ, ದಾರ ಬೆರಳಿಗೂ ತಿಳಿಯುತ್ತದೆ. ಪಟ್ಟಿ ಒದ್ದೆ ಇದ್ದಾಗ ಎಳೆದರೆ ಸರಾಗ ಜಾರುತ್ತದೆ. ಹತ್ತು ನಿಮಿಷದ ಕೆಲಸ, ವರ್ಷಕ್ಕೆ ಎರಡೇ ಸಲ.

ಮುರುಡೇಶ್ವರದಿಂದ, ದೋಣಿಯಲ್ಲಿ ಕೆಲಸ ಮಾಡುವವರು:

ನಮ್ಮಲ್ಲಿ ಪ್ಲೇಟ್, ವಿಂಗಿನ ಬದಲು ಗಾಳಿ ತುಂಬುವ ಬಾಡಿಗೆ ಜಾಕೆಟ್ಟೇ ಜಾಸ್ತಿ, ಅದರದ್ದೂ ಹೇಳುತ್ತೇನೆ. ಬಂದವರು ಎಲ್ಲರೂ ಮೊದಲು ಭುಜ ಎಳೆಯುತ್ತಾರೆ, ಸೊಂಟ ಸುಮ್ನೆ ಹಾಗೇ ಬಿಡುತ್ತಾರೆ. ನೀರಿಗೆ ಬಿದ್ದು ಗಾಳಿ ತುಂಬಿದ ತಕ್ಷಣ ಜಾಕೆಟ್ ಕಿವಿ ತನಕ ಏರುತ್ತದೆ. ಮೊದಲು ಸೊಂಟದ ವೆಲ್ಕ್ರೋ, ಆಮೇಲೆ ಬಕಲ್, ಕೊನೆಗೆ ಭುಜ. ಆಮೇಲೆ ಗಾಳಿ ಪೂರ್ತಿ ತುಂಬಿ ದೀರ್ಘ ಉಸಿರು ಎಳೆದು ನೋಡಿ. ದಪ್ಪ ಸೂಟಿನ ಮೇಲೆ ಎದೆ ಹಿಚುಕಿದ ಹಾಗಾದರೆ ಭುಜ ಸ್ವಲ್ಪ ಬಿಡಿ.

ಸಿಲಿಂಡರ್ ಕಟ್ಟುವ ಬೆಲ್ಟನ್ನು ಒದ್ದೆ ಮಾಡಿಯೇ ಬಿಗಿಯಿರಿ. ಒಣಗಿದ್ದಾಗ ಕಟ್ಟಿದರೆ ನೀರಿನಲ್ಲಿ ಹಿಗ್ಗಿ ಸಿಲಿಂಡರ್ ಜಾರುತ್ತದೆ. ಜನ ಹಾರ್ನೆಸ್ ಸಡಿಲ ಅಂತ ಒದ್ದಾಡುತ್ತಾರೆ, ನೋಡಿದರೆ ತಪ್ಪು ಈ ಬೆಲ್ಟಿನದು. ಮತ್ತೆ ಇಲ್ಲಿ ದೋಣಿಯಿಂದ ಹಿಂದಕ್ಕೆ ಉರುಳಿ ಬೀಳುವುದು. ಪ್ಲೇಟ್ ಸಡಿಲ ಇದ್ದರೆ ವಾಲ್ವ್ ತಲೆಗೆ ಬಡಿಯುತ್ತದೆ. ಡಿಸೆಂಬರಿನಲ್ಲಿ ಬಂದಾಗ ಉರುಳುವ ಮೊದಲು ಸೊಂಟ ಒಮ್ಮೆ ಎಳೆದು ನೋಡಿಕೊಳ್ಳಿ.

ಕೇಳಿದವರು:

ತುಂಬಾ ಉಪಕಾರ ಆಯಿತು. ನಿನ್ನೆ ಸೂಟ್ ಹಾಕಿಕೊಂಡು ಗ್ಯಾರೇಜಿನಲ್ಲೇ ಒಂದು ಗಂಟೆ ಕೂತಿದ್ದೆ, ಬೆವರಿ ಸುಸ್ತಾದೆ. ಒಂದು ತುಂಡಿನ 7 ಮಿ.ಮೀ. ನಂದು. ಭುಜಕ್ಕೆ 2 ಸೆಂ.ಮೀ. ಸಾಕಾಯಿತು, ಗ್ಲೌಸ್ ಹಾಕಿಯೇ ಎರಡೂ ಕೈ ಬಿಡಿಸಿಕೊಂಡೆ. ಬಾಲ ನಾಲ್ಕು ಬೆರಳಷ್ಟು ಉಳಿದಿದೆ. ಒಂದೇ ತೊಂದರೆ: ಪ್ರೆಷರ್ ಗೇಜ್ ಸಿಕ್ಕಿಸುವ ಎಡ ಸೊಂಟದ ಡಿ-ರಿಂಗ್ ಈಗ ಕೈಗೇ ಸಿಗುತ್ತಿಲ್ಲ, ಬೆನ್ನಿಗೆ ಹೋಗಿ ಕೂತಿದೆ. ನಾನೇನೋ ತಪ್ಪು ಪೋಣಿಸಿದೆನಾ?

ಫ್ರೀಮಾಂಟಿನಿಂದ:

ತಪ್ಪಲ್ಲ. ಭುಜಕ್ಕೆ ಪಟ್ಟಿ ಎಳೆದಾಗ ರಿಂಗೂ ಅದರ ಜೊತೆ ಹಿಂದೆ ಹೋಗಿದೆ ಅಷ್ಟೇ. ಅದನ್ನು ಹಿಡಿದಿರುವ ಟ್ರೈಗ್ಲೈಡ್ (ಪಟ್ಟಿ ಪೋಣಿಸಿದ ಕಿಂಡಿಯ ಕೊಂಡಿ) ಸಡಿಲಿಸಿ 2 ಸೆಂ.ಮೀ. ಮುಂದೆ ತನ್ನಿ. ಎದೆಯ ರಿಂಗುಗಳನ್ನೂ ನೋಡಿ, ಕಂಕುಳ ಮಟ್ಟದಲ್ಲಿ ಇದ್ದರೆ ಸಾಕು. ನಾಲ್ಕು ಬೆರಳು ಬಾಲ ನನಗೆ ಕಡಿಮೆ ಅನಿಸುತ್ತದೆ, ಗ್ಲೌಸಿನಲ್ಲಿ ಹಿಡಿಯಲು ಇನ್ನೂ ಸ್ವಲ್ಪ ಉದ್ದ ಬೇಕು. ಶನಿವಾರ ಬೆಳಿಗ್ಗೆ ನಾವು ನಾಲ್ಕು ಜನ ಬ್ರೇಕ್‌ವಾಟರಿಗೆ ಹೋಗುತ್ತಿದ್ದೇವೆ. ಬರುವುದಾದರೆ ಹಳೆಯ ವೆಬ್ಬಿಂಗ್ ಸುರುಳಿ ಒಂದಿದೆ, ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ.